ರ‍್ಯಾಂಪ್ ಹತ್ತಿದ ಮೇಲೆ: ವಿಕಲಚೇತನರ ಹಕ್ಕಿನ ಕಾನೂನು ಮತ್ತು ಕಾಲೇಜಿನ ಪಾಠಸಾಮಗ್ರಿ



ದತ್ತಿ ಉಪನ್ಯಾಸಕ್ಕೆ ಬಂದವರು ಸಾಮಾನ್ಯವಾಗಿ ದೊಡ್ಡ ವಿಷಯವೊಂದನ್ನು ಎತ್ತಿಕೊಳ್ಳುತ್ತಾರೆ. ನಾನು ಎತ್ತಿಕೊಂಡಿರುವುದು ಚಿಕ್ಕ ವಸ್ತು: ಅಧ್ಯಾಪಕರಾದ ನೀವು ವಿದ್ಯಾರ್ಥಿಗಳಿಗೆ ಕೊಡುವ ನೋಟ್ಸ್. ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಪಿಡಿಎಫ್, ಜೆರಾಕ್ಸ್ ಅಂಗಡಿಯಲ್ಲಿ ಇಟ್ಟುಹೋಗುವ ಹಾಳೆಗಳ ಕಟ್ಟು, ಗೋಡೆಯ ಪರದೆಗೆ ಬೀಳುವ ಸ್ಲೈಡು, ಗ್ರಂಥಾಲಯದ ಪಠ್ಯಪುಸ್ತಕ, ಯೂಟ್ಯೂಬಿಗೆ ಏರಿಸಿದ ಪಾಠ, ಇವೆಲ್ಲ ಅದರಲ್ಲಿ ಸೇರಿವೆ. ಕಣ್ಣು ಕಾಣದವರು, ಕಿವಿ ಕೇಳದವರು, ಪುಟ ತಿರುವಲು ಕೈ ಬಾರದವರು, ಅಕ್ಷರಗಳು ಕಲಸಿಹೋದಂತೆ ಕಾಣುವವರು ಇವುಗಳನ್ನು ಹೇಗೆ ಓದಬೇಕು? ಈ ಬಗ್ಗೆ ನಮ್ಮ ಕಾನೂನು ಏನು ಹೇಳುತ್ತದೆ, ಎಲ್ಲಿಗೆ ಬಂದು ಸುಮ್ಮನಾಗುತ್ತದೆ? ಕಾನೂನು ಪಾಠ ಹೇಳಿ ನಿವೃತ್ತನಾದವನಾಗಿ ಈ ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನ ಬಾಗಿಲಿಗೆ ರ‍್ಯಾಂಪ್ ಹಾಕಿಸುವ ವಿಚಾರದಲ್ಲಿ, ಪರೀಕ್ಷೆಯಲ್ಲಿ ಬರೆದುಕೊಡುವವರನ್ನು ಒದಗಿಸುವ ವಿಚಾರದಲ್ಲಿ ನಮ್ಮ ಕಾನೂನೂ ನ್ಯಾಯಾಲಯಗಳೂ ಸಾಕಷ್ಟು ದೂರ ಬಂದಿವೆ. ಬಾಗಿಲಿಗೂ ಪರೀಕ್ಷೆಗೂ ನಡುವೆ ಮೂರು ವರ್ಷಗಳ ಓದು ಇದೆ. ಆ ಓದಿನ ಸಾಮಗ್ರಿ ಎಲ್ಲರಿಗೂ ಎಟುಕುತ್ತದೋ ಇಲ್ಲವೋ ಎಂಬುದು ಅಧ್ಯಾಪಕರು ಅದನ್ನು ತಯಾರಿಸಿದ ದಿನವೇ ಬಹುಪಾಲು ತೀರ್ಮಾನವಾಗಿಬಿಟ್ಟಿರುತ್ತದೆ. ವಿದ್ಯಾರ್ಥಿ ಅರ್ಜಿ ಹಿಡಿದು ಬರುವ ಹೊತ್ತಿಗೆ ತಡವಾಗಿರುತ್ತದೆ. ಕಾನೂನಿನ ಭಾರ ಈಗ ಅರ್ಜಿಯ ಮೇಲೆ ಬೀಳುತ್ತಿದೆ. ಅದು ತಯಾರಿಯ ಮೇಲೆ ಬೀಳಬೇಕು. ಇಷ್ಟೇ ನನ್ನ ವಾದ.

ಕಾನೂನು ಬಂದ ದಾರಿ

ನಮ್ಮಲ್ಲಿ ವಿಕಲಚೇತನರಿಗಾಗಿ ಮೊದಲ ಸಮಗ್ರ ಕಾಯ್ದೆ ಬಂದದ್ದು 1995ರಲ್ಲಿ. ಅದು ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು, ಶೇ. 3ರಷ್ಟು ಸೀಟು ಮೀಸಲಿಟ್ಟಿತ್ತು. 2006ರ ಡಿಸೆಂಬರ್ 13ರಂದು ವಿಶ್ವಸಂಸ್ಥೆಯ ಮಹಾಸಭೆ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. 2007ರ ಅಕ್ಟೋಬರ್ 1ರಂದು ಭಾರತ ಅದನ್ನು ಅನುಮೋದಿಸಿತು. ಅನುಮೋದಿಸಿದ ಮೇಲೆ ದೇಶದ ಕಾನೂನನ್ನು ಅದಕ್ಕೆ ಹೊಂದಿಸಲೇಬೇಕು. ಆ ಹೊಂದಾಣಿಕೆಗೆ ಒಂಬತ್ತು ವರ್ಷ ಹಿಡಿಯಿತು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ ಕೊನೆಗೆ ಅಂಗೀಕಾರವಾಗಿ, 2017ರ ಏಪ್ರಿಲ್ 19ರಂದು ಜಾರಿಗೆ ಬಂತು.

ಏಳು ಬಗೆಯಿದ್ದ ವೈಕಲ್ಯಗಳ ಪಟ್ಟಿ ಇಪ್ಪತ್ತೊಂದಕ್ಕೆ ಏರಿತು. ಕಾಲೇಜುಗಳ ಮಟ್ಟಿಗೆ ಮುಖ್ಯವಾದ ಒಂದು ಸೇರ್ಪಡೆ ನಿರ್ದಿಷ್ಟ ಕಲಿಕಾ ನ್ಯೂನತೆ. ಡಿಸ್‌ಲೆಕ್ಸಿಯ, ಡಿಸ್‌ಗ್ರಾಫಿಯ ಇರುವ ಮಕ್ಕಳನ್ನು ನಾವು ಎಷ್ಟೋ ಕಾಲ ‘ದಡ್ಡ’, ‘ಸೋಮಾರಿ’ ಎಂದು ಹಿಂದಿನ ಬೆಂಚಿಗೆ ಕಳಿಸಿದ್ದೆವು. ಕಾನೂನು ಅವರಿಗೆ ಬೇರೆ ಹೆಸರು ಕೊಟ್ಟಿತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಮೀಸಲಾತಿ ಶೇ. 5ಕ್ಕೆ ಏರಿತು, ವಯೋಮಿತಿ ಐದು ವರ್ಷ ಸಡಿಲವಾಯಿತು. 2011ರ ಜನಗಣತಿಯಲ್ಲಿ ದೇಶದ ವಿಕಲಚೇತನರ ಸಂಖ್ಯೆ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ. ಆ ಎಣಿಕೆ ನಡೆದದ್ದು ಹೊಸ ಪಟ್ಟಿ ಬರುವ ಮುಂಚೆ. ಹಾಗಾಗಿ ಇಂದಿನ ಲೆಕ್ಕಕ್ಕೆ ಅದು ಸಾಲದು.

ಸಂಖ್ಯೆಗಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಸಮಂಜಸ ಹೊಂದಾಣಿಕೆ ಮಾಡಿಕೊಡಲು ನಿರಾಕರಿಸಿದರೆ ಅದೂ ತಾರತಮ್ಯವೇ ಎಂದು ಈ ಕಾಯ್ದೆ ವ್ಯಾಖ್ಯಾನದಲ್ಲೇ ಬರೆದಿಟ್ಟಿದೆ. ಅಂದರೆ ‘ನಿಮ್ಮನ್ನು ನಾವು ತಡೆದಿಲ್ಲವಲ್ಲ, ಸೀಟು ಕೊಟ್ಟಿದ್ದೇವಲ್ಲ’ ಎಂಬ ಉತ್ತರ ಇನ್ನು ನಡೆಯದು. ಸೀಟು ಕೊಟ್ಟು ಓದಲು ಏನನ್ನೂ ಕೊಡದಿರುವುದು ಊಟಕ್ಕೆ ಕರೆದು ಎಲೆ ಹಾಕದ ಹಾಗೆ.

ಹದಿನೆಂಟರ ಗೆರೆ

ಈಗ ಕಾಯ್ದೆಯ ಪಠ್ಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಶಿಕ್ಷಣದ ಅಧ್ಯಾಯದಲ್ಲಿ 16ನೆಯ ಕಲಮು ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಸಂಸ್ಥೆಗಳನ್ನೂ ಹಿಡಿಯುತ್ತದೆ. ಕಟ್ಟಡ, ಆವರಣ, ಸೌಲಭ್ಯಗಳು ಸುಗಮವಾಗಿರಬೇಕು. ವ್ಯಕ್ತಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು. ಅಂಧರಿಗೆ, ಕಿವುಡರಿಗೆ, ಎರಡೂ ಇರುವವರಿಗೆ ಅವರವರಿಗೆ ಒಗ್ಗುವ ಭಾಷೆ ಮತ್ತು ಸಂವಹನ ವಿಧಾನದಲ್ಲಿ ಶಿಕ್ಷಣ ಸಿಗಬೇಕು. ಒಳ್ಳೆಯ ಮಾತುಗಳು. ಆದರೆ ಅಲ್ಲಿ ಬಳಸಿರುವುದು ‘ವಿಕಲಚೇತನ ಮಕ್ಕಳು’ ಎಂಬ ಪದ.

17ನೆಯ ಕಲಮಿಗೆ ಬಂದರೆ ಗೆರೆ ಇನ್ನೂ ಸ್ಪಷ್ಟ. ಪುಸ್ತಕ, ಇತರ ಕಲಿಕಾ ಸಾಮಗ್ರಿ, ಸಹಾಯಕ ಸಾಧನಗಳನ್ನು ಉಚಿತವಾಗಿ ಕೊಡಬೇಕು ಎಂದು ಅದು ಹೇಳುತ್ತದೆ. ಎಲ್ಲಿಯವರೆಗೆ? ಹದಿನೆಂಟು ವರ್ಷ ತುಂಬುವವರೆಗೆ. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರ ಉಳ್ಳವರಿಗೆ. 31ನೆಯ ಕಲಮಿನ ಉಚಿತ ಶಿಕ್ಷಣದ ಹಕ್ಕೂ ಆರರಿಂದ ಹದಿನೆಂಟರವರೆಗೆ. ನಮ್ಮ ಹುಡುಗ ಹುಡುಗಿಯರು ಪಿಯುಸಿ ಮುಗಿಸಿ ಪದವಿ ಕಾಲೇಜಿನ ಮೆಟ್ಟಿಲು ಹತ್ತುವುದು ಸರಿಯಾಗಿ ಆ ವಯಸ್ಸಿಗೆ. ಪುಸ್ತಕ ತೆಳುವಾಗಿದ್ದಾಗ ಕೈಹಿಡಿದ ಕಾನೂನು, ಪುಸ್ತಕ ದಪ್ಪವಾಗುವ ಹೊತ್ತಿಗೆ ಕೈಬಿಡುತ್ತದೆ.

ಪೂರ್ತಿ ಕೈಬಿಟ್ಟಿತು ಎನ್ನಲಾಗದು. 42ನೆಯ ಕಲಮು ವಯಸ್ಸಿನ ಮಿತಿಯಿಲ್ಲದೆ, ಧ್ವನಿ, ಮುದ್ರಣ, ವಿದ್ಯುನ್ಮಾನ ಮಾಧ್ಯಮಗಳಲ್ಲಿರುವ ಎಲ್ಲ ವಿಷಯವೂ ಸುಗಮ ರೂಪದಲ್ಲಿ ಸಿಗುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ. ವಿಡಿಯೊದ ಮಾತನ್ನು ಅಕ್ಷರದಲ್ಲಿ ತೋರಿಸುವ ಶೀರ್ಷಿಕೆ, ಸನ್ನೆಭಾಷೆ, ಧ್ವನಿವಿವರಣೆ ಎಲ್ಲವನ್ನೂ ಹೆಸರಿಸುತ್ತದೆ. 2017ರ ನಿಯಮಗಳು ಜಾಲತಾಣಕ್ಕೆ ಹಾಕುವ ದಾಖಲೆಗಳು ಇ-ಪಬ್ ಎಂಬ ಇ-ಪುಸ್ತಕ ರೂಪದಲ್ಲಿ, ಇಲ್ಲವೆ ಒಸಿಆರ್ ಮಾಡಿದ, ಅಂದರೆ ಪುಟದ ಚಿತ್ರವನ್ನು ಪಠ್ಯವಾಗಿಸಿದ, ಪಿಡಿಎಫ್ ರೂಪದಲ್ಲಿ ಇರಬೇಕು ಎಂದವು. 2023ರ ತಿದ್ದುಪಡಿ ಭಾರತೀಯ ಮಾನಕ 17802 ಎಂಬ ತಾಂತ್ರಿಕ ಮಾನದಂಡವನ್ನೂ ಸೇರಿಸಿತು. ಕಾಲೇಜಿನ ನೋಟ್ಸ್‌ಗೆ ಕಾನೂನಿನ ಆಸರೆ ಹುಡುಕುವವರು ಇವನ್ನೆಲ್ಲ ಒಂದಕ್ಕೊಂದು ಪೋಣಿಸಿಕೊಳ್ಳಬೇಕು. ನೇರವಾಗಿ ‘ಪದವಿ ತರಗತಿಯ ಪಾಠಸಾಮಗ್ರಿ’ ಎಂದು ಬೆರಳಿಟ್ಟು ತೋರಿಸುವ ಒಂದು ಸಾಲು ಸಿಗುವುದಿಲ್ಲ.

ಕೇಳಿದರೆ ಕೊಡುವುದು, ಕೇಳುವ ಮೊದಲೇ ಇರುವುದು

ಕಾಯ್ದೆಯಲ್ಲಿ ಎರಡು ಕರ್ತವ್ಯಗಳು ಅಕ್ಕಪಕ್ಕ ಇವೆ. ಒಂದು ಸಮಂಜಸ ಹೊಂದಾಣಿಕೆ: ಒಬ್ಬ ನಿರ್ದಿಷ್ಟ ವ್ಯಕ್ತಿ ಬಂದು ತನ್ನ ಅಗತ್ಯ ಹೇಳಿಕೊಂಡಾಗ, ಮಿತಿಮೀರಿದ ಹೊರೆ ಆಗದಂತೆ, ಅವರಿಗೆ ಬೇಕಾದ ಬದಲಾವಣೆ ಮಾಡಿಕೊಡುವುದು. ಇನ್ನೊಂದು ಸುಗಮ್ಯತೆ: ಯಾರು ಬರುತ್ತಾರೆಂದು ತಿಳಿಯುವ ಮೊದಲೇ, ಬರಬಹುದಾದ ಎಲ್ಲರನ್ನೂ ಮನಸ್ಸಿನಲ್ಲಿಟ್ಟು ವ್ಯವಸ್ಥೆ ಮಾಡುವುದು. ಎರಡೂ ಬೇಕು, ಒಂದು ಇನ್ನೊಂದರ ಬದಲಿಗೆ ಬರಲಾರದು.

ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಕೊಟ್ಟ ತೀರ್ಪಿನಲ್ಲಿ ಈ ಭೇದ ಚೆನ್ನಾಗಿ ಮೂಡಿದೆ. ದೃಷ್ಟಿದೋಷವಿದ್ದ ಅರ್ಜಿದಾರರು ಕೋರ್ಟಿನ ಬಾಗಿಲು ತಟ್ಟಿದ್ದು 2005ರಲ್ಲಿ. ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಕೇಂದ್ರವೊಂದು ದೇಶದಲ್ಲಿ ಸುಗಮ್ಯತೆಯ ಸ್ಥಿತಿಗತಿಯ ವರದಿ ಕೊಟ್ಟಿತ್ತು. ಕಾಯ್ದೆಯ 40ನೆಯ ಕಲಮು ಮಾನದಂಡಗಳನ್ನು ನಿಗದಿಪಡಿಸಿ ಎಂದು ಕೇಂದ್ರ ಸರ್ಕಾರಕ್ಕೆ ಆದೇಶಿಸುತ್ತದೆ. ಪಾಲಿಸದಿದ್ದರೆ ದಂಡವೂ ಇದೆ, ಮೊದಲ ಸಲಕ್ಕೆ ಹತ್ತು ಸಾವಿರ ರೂಪಾಯಿವರೆಗೆ, ಆಮೇಲೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ. ಆದರೆ 2017ರ ನಿಯಮಗಳಲ್ಲಿನ 15ನೆಯ ನಿಯಮದಡಿ ಪಟ್ಟಿ ಮಾಡಿದ ಬಹಳಷ್ಟು ಮಾರ್ಗಸೂಚಿಗಳು ‘ಹೀಗೆ ಮಾಡಿದರೆ ಒಳ್ಳೆಯದು’ ಎಂಬ ಸಲಹೆಯ ಧಾಟಿಯಲ್ಲಿದ್ದವು. ಕಾಯ್ದೆ ಕಡ್ಡಾಯ ಎಂದದ್ದನ್ನು ನಿಯಮ ಐಚ್ಛಿಕ ಮಾಡಲಾಗದು ಎಂದು ಕೋರ್ಟ್ 15(1)ನೆಯ ನಿಯಮವನ್ನು ಕಾಯ್ದೆಗೆ ಹೊರತಾದದ್ದೆಂದು ಸಾರಿತು. ಮೂರು ತಿಂಗಳಲ್ಲಿ ಕಡ್ಡಾಯದ ಕನಿಷ್ಠ ಮಾನದಂಡಗಳನ್ನು ಬೇರ್ಪಡಿಸಿ ರೂಪಿಸುವಂತೆ ಹೇಳಿತು.

ಈ ಭೇದವನ್ನು ನೋಟ್ಸ್‌ಗೆ ಹಚ್ಚಿ ನೋಡಿ. ನಮ್ಮ ಕಾಲೇಜುಗಳಲ್ಲಿ ಈಗಿರುವುದು ಸೆಮಿಸ್ಟರ್ ಪದ್ಧತಿ. ದೃಷ್ಟಿದೋಷದ ವಿದ್ಯಾರ್ಥಿನಿಯೊಬ್ಬಳು ಪ್ರವೇಶ ಪಡೆಯುತ್ತಾಳೆ. ಪಠ್ಯ ಯಾವುದೆಂದು ತಿಳಿಯಲು ಒಂದೆರಡು ವಾರ ಬೇಕು. ಕೊಟ್ಟ ಪಿಡಿಎಫ್ ಅನ್ನು ತನ್ನ ಕಂಪ್ಯೂಟರ್ ಓದುತ್ತಿಲ್ಲವೆಂದು ಹೇಳಲು ಧೈರ್ಯ ಬರಬೇಕು. ಅರ್ಜಿ ಪ್ರಾಂಶುಪಾಲರ ಮೇಜಿಗೆ, ಅಲ್ಲಿಂದ ಗ್ರಂಥಪಾಲಕರಿಗೆ, ಅಲ್ಲಿಂದ ಯಾವುದೋ ಸ್ವಯಂಸೇವಾ ಸಂಸ್ಥೆಗೆ ಹೋಗುತ್ತದೆ. ಪುಸ್ತಕ ಸ್ಕ್ಯಾನ್ ಆಗಿ, ತಿದ್ದಿ, ವಾಪಸ್ ಬರುವಷ್ಟರಲ್ಲಿ ಆಂತರಿಕ ಪರೀಕ್ಷೆ ಮುಗಿದಿರುತ್ತದೆ. ಇಲ್ಲಿ ಯಾರೂ ನಿರಾಕರಿಸಿಲ್ಲ. ಎಲ್ಲರೂ ಸಹಾಯ ಮಾಡಿದ್ದಾರೆ. ಆದರೂ ಆಕೆಗೆ ಪುಸ್ತಕ ಸಿಗಲಿಲ್ಲ. ಹೊಂದಾಣಿಕೆ ಎಂಬ ಕರ್ತವ್ಯವನ್ನು ಪ್ರಾಮಾಣಿಕವಾಗಿ ಪಾಲಿಸಿಯೂ ಸೋಲುವ ಜಾಗ ಇದು. ನೋಟ್ಸ್ ಸುಗಮ್ಯತೆಯ ವಿಷಯ, ಕಟ್ಟಡದಂತೆಯೇ. ಗಾಲಿಕುರ್ಚಿಯವರು ಬಂದ ಮೇಲೆ ಮೇಸ್ತ್ರಿಯನ್ನು ಕರೆಸಿದರೆ ಸಾಲದು ಎಂದು ನಾವು ಒಪ್ಪಿದ್ದೇವೆ. ಕಡತದ ವಿಚಾರದಲ್ಲಿ ಇನ್ನೂ ಒಪ್ಪಿಲ್ಲ.

ಮೂರು ಗಂಟೆಯ ನ್ಯಾಯ

ನ್ಯಾಯಾಲಯಗಳ ಗಮನ ಹೆಚ್ಚಾಗಿ ಪರೀಕ್ಷೆಯ ಕಡೆಗೆ ಹರಿದಿದೆ. 2021ರ ಫೆಬ್ರುವರಿಯ ವಿಕಾಶ್ ಕುಮಾರ್ ತೀರ್ಪು ಅದರಲ್ಲಿ ಮೈಲಿಗಲ್ಲು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಬರೆದುಕೊಡುವವರನ್ನು ನಿರಾಕರಿಸಲಾಗಿತ್ತು; ಅವರ ತೊಂದರೆ ಶೇ. 40ರ ಅಳತೆಗೆ ಬರುವುದಿಲ್ಲ ಎಂಬ ಕಾರಣಕ್ಕೆ. ಶೇ. 40ರ ಗೆರೆ ಮೀಸಲಾತಿಯಂಥ ನಿರ್ದಿಷ್ಟ ಸೌಲಭ್ಯಗಳಿಗೆ ಮಾತ್ರ, ಸಮಂಜಸ ಹೊಂದಾಣಿಕೆ ಎಲ್ಲ ವಿಕಲಚೇತನರ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷದ ನವೆಂಬರಿನಲ್ಲಿ, ನೀಟ್ ಪರೀಕ್ಷೆಯಲ್ಲಿ ಹೆಚ್ಚುವರಿ ಒಂದು ಗಂಟೆ ಸಿಗದೆ ಉತ್ತರಪತ್ರಿಕೆ ಕಸಿದುಕೊಂಡದ್ದರ ವಿರುದ್ಧ ಡಿಸ್‌ಗ್ರಾಫಿಯ ಇದ್ದ ವಿದ್ಯಾರ್ಥಿನಿಯೊಬ್ಬಳು ತಂದ ಅವನಿ ಪ್ರಕಾಶ್ ಪ್ರಕರಣದಲ್ಲೂ ಕೋರ್ಟ್ ಪರೀಕ್ಷಾ ಸಂಸ್ಥೆಯನ್ನು ಹೊಣೆ ಮಾಡಿತು.

ಈ ತೀರ್ಪುಗಳ ಬೆಲೆ ದೊಡ್ಡದು. ಆದರೆ ಪರೀಕ್ಷೆಯಲ್ಲಾದ ಅನ್ಯಾಯ ಒಂದೇ ದಿನ, ಒಂದೇ ಕೊಠಡಿಯಲ್ಲಿ, ಸಾಕ್ಷಿಗಳ ಎದುರು ನಡೆಯುತ್ತದೆ. ಅದನ್ನು ಕೋರ್ಟಿಗೆ ಒಯ್ಯಬಹುದು. ಓದಿನಲ್ಲಾಗುವ ಅನ್ಯಾಯಕ್ಕೆ ತಾರೀಕಿಲ್ಲ. ಆಗಸ್ಟಿನಲ್ಲಿ ಸಿಗಬೇಕಿದ್ದ ಅಧ್ಯಾಯ ಅಕ್ಟೋಬರಿನಲ್ಲಿ ಸಿಕ್ಕಿತು ಎಂದು ಯಾರು ರಿಟ್ ಹಾಕುತ್ತಾರೆ? ಗೆಳತಿ ಓದಿ ಹೇಳುತ್ತಾಳೆ, ತಾಯಿ ಫೋನಿನಲ್ಲಿ ಧ್ವನಿಮುದ್ರಿಸಿಕೊಡುತ್ತಾಳೆ, ಓದಲಾಗದ ಅಧ್ಯಾಯವನ್ನು ವಿದ್ಯಾರ್ಥಿ ಬಿಟ್ಟುಬಿಡುತ್ತಾನೆ. ಪರೀಕ್ಷೆಯಲ್ಲಿ ಬರೆದುಕೊಡುವವರು ಸಿಕ್ಕಾಗ ಹೇಳಿ ಬರೆಸಲು ತಲೆಯಲ್ಲಿ ಏನಾದರೂ ಇರಬೇಕಲ್ಲ.

ಡಿಸೇಬಲ್ಡ್ ರೈಟ್ಸ್ ಗ್ರೂಪ್ ಪ್ರಕರಣದಲ್ಲಿ 2017ರ ಡಿಸೆಂಬರ್ 15ರ ತೀರ್ಪು ಉನ್ನತ ಶಿಕ್ಷಣದ ಒಳಗೆ ಇಣುಕಿದ ಅಪರೂಪದ ತೀರ್ಪು. ಕಾನೂನು ಕಾಲೇಜುಗಳ ಸೀಟುಗಳಿಂದ ಹೊರಟ ಅರ್ಜಿ ಎಲ್ಲ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಹರಡಿಕೊಂಡಿತು. ಮೀಸಲಾತಿ ತುಂಬಿ, ಕಟ್ಟಡ ಸರಿಮಾಡಿ ಎಂಬುದರ ಜೊತೆಗೆ ಕಲಿಕೆಯ ವಿಧಾನವನ್ನೂ ಪರಿಶೀಲಿಸಲು ಯುಜಿಸಿ ಸಮಿತಿ ಮಾಡಲಿ ಎಂದು ಕೋರ್ಟ್ ಹೇಳಿತು. ಯುಜಿಸಿಯ ಸುಗಮ್ಯತಾ ಮಾರ್ಗಸೂಚಿ ಬಂದದ್ದು 2022ರಲ್ಲಿ. ಪಾಠಸಾಮಗ್ರಿ, ಬೋಧನೆ, ಜಾಲತಾಣ ಎಲ್ಲವೂ ಅದರಲ್ಲಿವೆ. ಇಷ್ಟಾದರೂ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮುಂಚೆ ನಾವು ಸಿದ್ಧಪಡಿಸುವುದು ಜಿಯೋಟ್ಯಾಗ್ ಮಾಡಿದ ರ‍್ಯಾಂಪಿನ ಫೋಟೊ. ರ‍್ಯಾಂಪು ಫೋಟೊಗೆ ಸಿಗುತ್ತದೆ, ಓದಬಲ್ಲ ಕಡತ ಸಿಗುವುದಿಲ್ಲ.

ಕನ್ನಡದ ಕಡತಕ್ಕಿರುವ ಬೇರೆಯದೇ ತೊಡಕು

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇಲ್ಲಿಯವರೆಗೆ ಹೇಳಿದ್ದು ಇಡೀ ದೇಶಕ್ಕೆ ಅನ್ವಯಿಸುವ ಮಾತು. ಈಗ ಹೇಳುವುದು ನಮ್ಮ ಮನೆಯ ಮಾತು.

ಅಂಧ ವಿದ್ಯಾರ್ಥಿ ಇಂದು ಓದುವುದು ಬಹುಮಟ್ಟಿಗೆ ಕಿವಿಯಿಂದ. ಬ್ರೈಲ್ ಇದೆ, 1951ರಿಂದ ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ಇದ್ದು, ಕನ್ನಡವೂ ಅದರಲ್ಲಿದೆ. ಆದರೆ ಪದವಿಯ ಒಂದು ಪುಸ್ತಕ ಬ್ರೈಲ್‌ನಲ್ಲಿ ಹಲವು ದಪ್ಪ ಸಂಪುಟಗಳಾಗುತ್ತದೆ. ಹಾಗಾಗಿ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವೇ ಗತಿ; ಅದು ಪರದೆಯಲ್ಲಿರುವ ಪಠ್ಯವನ್ನು ಓದಿ ಹೇಳುತ್ತದೆ. ಎನ್‌ವಿಡಿಎ ಎಂಬುದು ಉಚಿತ. ಆಸ್ಟ್ರೇಲಿಯಾದ ಇಬ್ಬರು ಅಂಧ ತಂತ್ರಜ್ಞರು 2006ರಲ್ಲಿ ಶುರುಮಾಡಿದ್ದು. ಅದು ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಸಾಧನ ಇದೆ, ಧ್ವನಿ ಇದೆ. ಹಾಗಾದರೆ ಎಲ್ಲಿ ಕೆಡುತ್ತದೆ?

ಮೊದಲನೆಯದು ಸ್ಕ್ಯಾನ್. ಹಾಳೆಯನ್ನು ಫೋನಿನಲ್ಲಿ ಫೋಟೊ ಹೊಡೆದು ಪಿಡಿಎಫ್ ಮಾಡಿದರೆ ಅದು ಚಿತ್ರ, ಅಕ್ಷರ ಅಲ್ಲ. ಸ್ಕ್ರೀನ್ ರೀಡರಿಗೆ ಅದು ಖಾಲಿ ಪುಟ. ಇದು ಎಲ್ಲ ಭಾಷೆಗಳ ತೊಂದರೆ.

ಎರಡನೆಯದು ನಮ್ಮದೇ. ಕಂಪ್ಯೂಟರುಗಳಿಗೆ ಭಾರತೀಯ ಲಿಪಿ ಸರಿಯಾಗಿ ಒಗ್ಗದಿದ್ದ ಕಾಲದಲ್ಲಿ ನುಡಿ, ಬರಹ, ಶ್ರೀಲಿಪಿಗಳಂಥ ತಂತ್ರಾಂಶಗಳು ಒಂದು ಉಪಾಯ ಮಾಡಿದವು. ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರಭಾಗಗಳ ಚಿತ್ರಗಳನ್ನು ಕೂರಿಸಿದವು. ಕನ್ನಡ ಕಂಪ್ಯೂಟರಿಗೆ ಬಂದದ್ದೇ ಆ ಉಪಾಯದಿಂದ. ಆ ಕೆಲಸ ಮಾಡಿದವರ ಋಣ ನಮ್ಮ ಮೇಲಿದೆ. ಆದರೆ ಆ ಫಾಂಟಿನಲ್ಲಿ ಟೈಪಿಸಿದ ಕಡತದಲ್ಲಿ ಕಣ್ಣಿಗೆ ಕಾಣುವುದು ಒಂದು, ಒಳಗಿರುವುದು ಇನ್ನೊಂದು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂಬ ಪದವನ್ನು ಬಿಡಿಸಿ ನೋಡಿದರೆ ಒಳಗೆ ದೊಡ್ಡಕ್ಷರದ ‘ಪಿ’, ತಲೆಯ ಮೇಲೆ ಗುರುತಿರುವ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣಕ್ಷರದ ‘ಕ್ಯೂ’ ಇವೆ. ಕಣ್ಣಿರುವ ನಾವು ‘ಕನ್ನಡ’ ಎಂದು ಓದುತ್ತೇವೆ. ಸ್ಕ್ರೀನ್ ರೀಡರ್ ಓದುವುದು ಆ ಚಿಹ್ನೆಗಳ ಸಂತೆಯನ್ನು.

ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಬಂದು ದಶಕಗಳಾದವು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಇಂದಿನ ನುಡಿಯಲ್ಲೂ ಬರಹದಲ್ಲೂ ಯೂನಿಕೋಡ್ ಟೈಪಿಸಬಹುದು. ಆದರೂ ಹಳೆಯ ಫಾಂಟು ಹೋಗಿಲ್ಲ. ಮುದ್ರಣಾಲಯಗಳ ಡಿಟಿಪಿ ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶಕ್ಕೆ ಒಗ್ಗಿತ್ತು. ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಒಗ್ಗಲಿಲ್ಲ. ಟೈಪಿಸುವವರ ಬೆರಳು ಕಲಿತ ದಾರಿ ಬಿಡುವುದಿಲ್ಲ. ಪ್ರಶ್ನೆಪತ್ರಿಕೆ, ಸುತ್ತೋಲೆ, ಅಧ್ಯಯನ ಸಾಮಗ್ರಿ, ಪ್ರಬಂಧ, ಎಲ್ಲದರಲ್ಲೂ ಆ ಹಳೆಯ ಕಡತಗಳು ಹರಿದಾಡುತ್ತಿವೆ. ಇದರ ಪರಿಣಾಮ ಏನೆಂದರೆ, ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಅಂಧ ವಿದ್ಯಾರ್ಥಿಗೆ ಸಿಗುವಷ್ಟು ಪಠ್ಯವೂ ಕನ್ನಡ ಮಾಧ್ಯಮದ ಅಂಧ ವಿದ್ಯಾರ್ಥಿಗೆ ಸಿಗುವುದಿಲ್ಲ. ಕನ್ನಡ ಎಂ.ಎ. ಓದುವವರ ಪಾಡಂತೂ ಹೇಳುವುದೇ ಬೇಡ. ಭಾಷೆಯ ಪ್ರೀತಿಯ ಬಗ್ಗೆ ನವೆಂಬರಿನಲ್ಲಿ ನಾವು ಎಷ್ಟೆಲ್ಲ ಮಾತಾಡುತ್ತೇವೆ. ಆ ಭಾಷಣದ ಕಡತವನ್ನೇ ಕಿವಿಯಿಂದ ಓದುವ ಕನ್ನಡಿಗರಿಗೆ ಮುಚ್ಚಿಟ್ಟಿರುತ್ತೇವೆ.

ಪರಿಹಾರ ಕಠಿಣವಲ್ಲ. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅಚ್ಚಾದ ಪುಟವನ್ನು ಪಠ್ಯವಾಗಿಸುವ ಒಸಿಆರ್ ಕನ್ನಡಕ್ಕೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ‘ಲಿಪಿ ಜ್ಞಾನಿ’ ಎಂಬುದನ್ನು ರೂಪಿಸಿದೆ. ಯಂತ್ರ ಮಾಡಿದ ತಪ್ಪನ್ನು ತಿದ್ದುವ ಮನುಷ್ಯ ಬೇಕು, ಅಷ್ಟೆ. ಅದೂ ಹಳೆಯ ಪುಸ್ತಕಗಳಿಗೆ. ಇವತ್ತು ಹೊಸದಾಗಿ ಬರೆಯುವ ನೋಟ್ಸ್‌ಗೆ ಒಂದು ರೂಪಾಯಿಯೂ ಖರ್ಚಿಲ್ಲ. ಫಾಂಟು ಆರಿಸುವಾಗ ಒಂದು ಎಚ್ಚರ ಸಾಕು.

ಸೂತ್ರ, ಚಿತ್ರ, ಸನ್ನೆ

ಅಕ್ಷರ ಸರಿಯಾದರೆ ಎಲ್ಲವೂ ಸರಿಯಾಗುವುದಿಲ್ಲ. ಗಣಿತದ ಸಮೀಕರಣವನ್ನು ಚಿತ್ರವಾಗಿ ಅಂಟಿಸಿದರೆ ಸ್ಕ್ರೀನ್ ರೀಡರ್ ಅಲ್ಲಿ ಮೂಕವಾಗುತ್ತದೆ. ಮ್ಯಾಥ್‌ಎಂಎಲ್ ಎಂಬ ಗುರುತುಭಾಷೆಯಲ್ಲಿ ಬರೆದರೆ ಓದುತ್ತದೆ. ಅರ್ಥಶಾಸ್ತ್ರದ ರೇಖಾಚಿತ್ರಕ್ಕೆ, ಜೀವಶಾಸ್ತ್ರದ ಕೋಶದ ಚಿತ್ರಕ್ಕೆ ನಾಲ್ಕು ವಾಕ್ಯದ ವಿವರಣೆ ಬೇಕು, ಸಾಧ್ಯವಾದರೆ ಬೆರಳಿಗೆ ತಾಗುವ ಉಬ್ಬುಚಿತ್ರ ಬೇಕು. ಐಐಟಿ ದೆಹಲಿಯಲ್ಲಿ ಹುಟ್ಟಿದ ತಂಡವೊಂದು ಅಂಥ ಉಬ್ಬುಚಿತ್ರಗಳನ್ನು ತಯಾರಿಸುತ್ತದೆ. ಇಂಥವು ಇಲ್ಲದ ಕಾರಣಕ್ಕೇ ನಮ್ಮ ಅಂಧ ಮಕ್ಕಳು ತಲೆಮಾರುಗಳಿಂದ ವಿಜ್ಞಾನ ಬಿಟ್ಟು ಕಲಾ ವಿಭಾಗಕ್ಕೆ ಬಂದಿದ್ದಾರೆ. ಅದನ್ನು ನಾವು ಅವರ ಆಸಕ್ತಿ ಎಂದುಕೊಂಡೆವು.

ಕಿವುಡ ವಿದ್ಯಾರ್ಥಿಗಳ ತೊಂದರೆ ಇನ್ನೂ ಕಣ್ಣಿಗೆ ಬೀಳದಂಥದು. ನೋಡುವವರಿಗೆ ಅವರು ಪುಸ್ತಕ ಓದಬಲ್ಲರು. ಆದರೆ ಸನ್ನೆಭಾಷೆಯೇ ಮೊದಲ ಭಾಷೆಯಾದವರಿಗೆ ಕನ್ನಡವೂ ಇಂಗ್ಲಿಷೂ ಕಲಿತ ಭಾಷೆಗಳು. ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸನ್ನೆಭಾಷೆಯ ಸಂಶೋಧನಾ ಮತ್ತು ತರಬೇತಿ ಕೇಂದ್ರ ನಿಘಂಟು ಮಾಡಿದೆ. 2020ರಲ್ಲಿ ಶಾಲಾಪಠ್ಯಗಳನ್ನು ಸನ್ನೆಭಾಷೆಗೆ ತರಲು ಎನ್‌ಸಿಇಆರ್‌ಟಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಅದೂ ಶಾಲೆಯ ಮಟ್ಟಕ್ಕೆ. ನಾವು ಏರಿಸುವ ಪಾಠದ ವಿಡಿಯೊಗೆ ತಿದ್ದಿದ ಶೀರ್ಷಿಕೆ ಹಾಕುವುದು ಕನಿಷ್ಠ ಕರ್ತವ್ಯ.

ಕೃತಿಸ್ವಾಮ್ಯ ಅಡ್ಡಿಯಲ್ಲ

‘ಪುಸ್ತಕವನ್ನು ಸ್ಕ್ಯಾನ್ ಮಾಡಿ ಕೊಟ್ಟರೆ ಪ್ರಕಾಶಕರು ಕೇಸು ಹಾಕುವುದಿಲ್ಲವೇ’ ಎಂದು ಗ್ರಂಥಪಾಲಕರು ಕೇಳುವುದುಂಟು. ಉತ್ತರ 2012ರಲ್ಲೇ ಬಂದಿದೆ. ಆ ವರ್ಷದ ತಿದ್ದುಪಡಿ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿಗೆ ಒಂದು ಉಪಖಂಡ ಸೇರಿಸಿತು. ವಿಕಲಚೇತನರು ಓದಲೆಂದು ಯಾವುದೇ ಕೃತಿಯನ್ನು ಯಾವುದೇ ಸುಗಮ ರೂಪಕ್ಕೆ ಯಾರು ಬೇಕಾದರೂ ಬದಲಿಸಬಹುದು. ಅನುಮತಿ ಬೇಕಿಲ್ಲ, ಲಾಭ ಮಾಡಬಾರದು ಅಷ್ಟೆ. ಈ ‘ಯಾವುದೇ ರೂಪ’ ಸುಮ್ಮನೆ ಬಂದದ್ದಲ್ಲ. 2010ರ ಮಸೂದೆಯಲ್ಲಿ ವಿಕಲಚೇತನರಿಗೆಂದೇ ವಿಶೇಷವಾಗಿ ರೂಪಿಸಿದ ಮಾದರಿಗಳಿಗೆ ಮಾತ್ರ ವಿನಾಯಿತಿ ಇತ್ತು. ಬ್ರೈಲ್ ಸರಿ, ಸಾಮಾನ್ಯ ಇ-ಪಠ್ಯ ಸಲ್ಲದು ಎನ್ನುವಂತಿತ್ತು. ಅದರ ವಿರುದ್ಧ ಹೋರಾಡಿದವರಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿಯ ನಿರ್ಮಿತಾ ನರಸಿಂಹನ್, ಚೆನ್ನೈನ ವಕೀಲ ರಾಹುಲ್ ಚೆರಿಯನ್ ಮುಖ್ಯರು. 2013ರ ಜೂನ್ 27ರಂದು ಮೊರಾಕ್ಕೊದ ಮರಾಕೇಶ್ ನಗರದಲ್ಲಿ ಇದೇ ಆಶಯದ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಅದನ್ನು ಕಾಣಲು ಚೆರಿಯನ್ ಉಳಿದಿರಲಿಲ್ಲ. ಒಂದು ವರ್ಷದೊಳಗೆ, 2014ರ ಜೂನ್ 24ರಂದು, ಆ ಒಪ್ಪಂದವನ್ನು ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. 2016ರ ಆಗಸ್ಟಿನಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವೂ ಶುರುವಾಯಿತು. ನಿಮ್ಮ ಗ್ರಂಥಪಾಲಕರು ಭಯಪಡಬೇಕಾದ್ದು ಏನೂ ಇಲ್ಲ.

ಬರ್ಕ್ಲಿಯ ಪಾಠ

ಕಾನೂನನ್ನು ತಡವಾಗಿ ಪಾಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಸಂಗ ಹೇಳುತ್ತೇನೆ. ಅಲ್ಲಿ 1973ರ ಪುನರ್ವಸತಿ ಕಾಯ್ದೆಯೂ 1990ರ ವಿಕಲಚೇತನರ ಕಾಯ್ದೆಯೂ ಕಾಲೇಜುಗಳನ್ನು ಬಿಗಿಯಾಗಿ ಕಟ್ಟಿಹಾಕಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆ ತನ್ನ ತರಗತಿ ಪಾಠಗಳ ವಿಡಿಯೊಗಳನ್ನು ಜಗತ್ತಿಗೆಲ್ಲ ಉಚಿತವಾಗಿ ತೆರೆದಿಟ್ಟಿತ್ತು. ಬಹಳಷ್ಟಕ್ಕೆ ಸರಿಯಾದ ಶೀರ್ಷಿಕೆ ಇರಲಿಲ್ಲ. ಕಿವುಡರಿಗಾಗಿ ಇರುವ ಗ್ಯಾಲೊಡೆಟ್ ವಿಶ್ವವಿದ್ಯಾಲಯದ ಇಬ್ಬರು ಸಿಬ್ಬಂದಿ ದೂರು ಕೊಟ್ಟರು. 2016ರ ಆಗಸ್ಟಿನಲ್ಲಿ ಅಮೆರಿಕದ ನ್ಯಾಯ ಇಲಾಖೆ ದೂರು ಸರಿ ಎಂದಿತು. 2017ರಲ್ಲಿ ವಿಶ್ವವಿದ್ಯಾಲಯ ಮಾಡಿದ್ದೇನು? 20,000ಕ್ಕೂ ಹೆಚ್ಚು ವಿಡಿಯೊ, ಆಡಿಯೊ ಪಾಠಗಳನ್ನು ಸಾರ್ವಜನಿಕರಿಂದ ಹಿಂತೆಗೆದುಕೊಂಡಿತು. ಕೇಳಬಲ್ಲವರಿಗೂ ಇಲ್ಲ, ಕೇಳಲಾರದವರಿಗೂ ಇಲ್ಲ. ಕೊನೆಗೆ 2022ರಲ್ಲಿ ನ್ಯಾಯಾಲಯದ ಮೂಲಕ ಒಪ್ಪಂದವಾಗಿ, ಆನ್‌ಲೈನ್ ಪಾಠಗಳನ್ನು ಸುಗಮಗೊಳಿಸಲು ಅದು ಒಪ್ಪಬೇಕಾಯಿತು.

ಆಗ ಹಲವರು ದೂರು ಕೊಟ್ಟವರನ್ನೇ ದೂಷಿಸಿದರು: ‘ಇವರಿಂದಾಗಿ ಎಲ್ಲರಿಗೂ ಹೋಯಿತು’ ಎಂದು. ನನಗೆ ಕಾಣುವುದು ಬೇರೆ. ವರ್ಷಗಟ್ಟಲೆ ಶೀರ್ಷಿಕೆಯಿಲ್ಲದ ಪಾಠ ರಾಶಿ ಹಾಕಿದ್ದರಿಂದ ಸರಿಪಡಿಸುವ ಹೊರೆ ಬೆಟ್ಟದಷ್ಟಾಯಿತು. ಒಂದೊಂದು ಪಾಠ ಏರಿಸಿದ ದಿನವೇ ಶೀರ್ಷಿಕೆ ಹಾಕಿದ್ದರೆ ಬೆಟ್ಟವೇ ಬೆಳೆಯುತ್ತಿರಲಿಲ್ಲ. ನಮ್ಮ ಕಾಯ್ದೆಯೂ ‘ಮಿತಿಮೀರಿದ ಹೊರೆ’ ಎಂಬ ವಿನಾಯಿತಿ ಕೊಡುತ್ತದೆ. ಇಪ್ಪತ್ತು ವರ್ಷ ಏನೂ ಮಾಡದೆ ಕೂತ ಸಂಸ್ಥೆ, ತಾನೇ ಬೆಳೆಸಿದ ಹೊರೆಯನ್ನು ತೋರಿಸಿ ವಿನಾಯಿತಿ ಕೇಳುವ ದಿನ ಇಲ್ಲೂ ಬರಬಾರದು. 2025ರ ಏಪ್ರಿಲ್ 30ರಂದು ನಮ್ಮ ಸುಪ್ರೀಂ ಕೋರ್ಟ್, ಬ್ಯಾಂಕಿನ ಕೆವೈಸಿಗೆ ಸಂಬಂಧಿಸಿದ ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೌಲಭ್ಯ ಎಟುಕುವುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿದೆ. ಆ ಮಾತು ಕಾಲೇಜಿನ ಕಲಿಕಾ ಪೋರ್ಟಲ್‌ಗಳಿಗೆ ತಲುಪಲು ಹೆಚ್ಚು ಕಾಲ ಬೇಕಾಗದು.

ಎಲ್ಲಿಂದ ಶುರುಮಾಡಬೇಕು

ಹಾಗಾದರೆ ಕಾಲೇಜು ಏನು ಮಾಡಬಹುದು? ಹಿಂದಿನದನ್ನೆಲ್ಲ ಸರಿಪಡಿಸುವ ಸಂಕಲ್ಪ ಬೇಡ. ಅದು ಸಭೆಯ ನಡಾವಳಿಯಲ್ಲೇ ಉಳಿಯುತ್ತದೆ. ಒಂದು ತಾರೀಕು ಗೊತ್ತುಮಾಡಿ. ಆ ದಿನದ ನಂತರ ಕಾಲೇಜಿನಿಂದ ಹೊರಡುವ ಪ್ರತಿ ಕನ್ನಡ ಕಡತ ಯೂನಿಕೋಡಿನಲ್ಲಿರಲಿ. ಸ್ಕ್ಯಾನ್ ಮಾಡಿದ್ದು ಒಸಿಆರ್ ಆಗದೆ ಗುಂಪಿಗೆ ಹೋಗದಿರಲಿ. ತಲೆಬರಹಗಳನ್ನು ದಪ್ಪಕ್ಷರದಿಂದಷ್ಟೇ ತೋರಿಸದೆ ವರ್ಡ್‌ನ ಹೆಡಿಂಗ್ ಶೈಲಿಯಲ್ಲೇ ಹಾಕಲಿ. ಕಿವಿಯಿಂದ ಓದುವವರು ಒಂದು ಭಾಗದಿಂದ ಇನ್ನೊಂದಕ್ಕೆ ಜಿಗಿಯುವುದು ಅದರ ಆಧಾರದಲ್ಲಿ. ಚಿತ್ರಕ್ಕೆ ವಿವರಣೆ ಇರಲಿ. ಸೆಮಿಸ್ಟರ್ ಶುರುವಾಗುವ ಎರಡು ತಿಂಗಳ ಮೊದಲೇ ಪಠ್ಯಪಟ್ಟಿ ಗ್ರಂಥಾಲಯಕ್ಕೆ ಹೋಗಲಿ.

ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳಿಗೆ ಒಂದು ವಿಶೇಷ ವಿನಂತಿ. ಕನ್ನಡದ ಪಠ್ಯಪುಸ್ತಕಗಳನ್ನು ನೀವೇ ಅಚ್ಚು ಹಾಕುತ್ತೀರಿ. ಟೈಪಿಸಿದ ಕಡತ ನಿಮ್ಮ ಕೈಯಲ್ಲೇ ಇದೆ. ಪುಸ್ತಕ ಬಿಡುಗಡೆಯಾದ ದಿನವೇ ಅದರ ಇ-ಪಬ್ ಪ್ರತಿ ವಿಕಲಚೇತನ ಓದುಗರಿಗೆ ಸಿಗುವಂತೆ ಮಾಡಿದರೆ, ಮತ್ತೆ ಯಾರೂ ಅದನ್ನು ಬಿಚ್ಚಿ, ಸ್ಕ್ಯಾನ್ ಮಾಡಿ, ತಿದ್ದುವ ವ್ಯರ್ಥಶ್ರಮ ಬೇಕಿಲ್ಲ. ಖಾಸಗಿ ಪ್ರಕಾಶಕರಿಂದ ಪುಸ್ತಕ ಕೊಳ್ಳುವ ಕಾಲೇಜುಗಳು ಕೊಳ್ಳುವ ಷರತ್ತಿನಲ್ಲೇ ಇದನ್ನು ಬರೆದುಕೊಳ್ಳಬಹುದು. ಈ ಉಪನ್ಯಾಸ ಅಚ್ಚಾಗುವಾಗಲೂ ಯೂನಿಕೋಡ್ ಪ್ರತಿ ಕಾಲೇಜಿನ ಜಾಲತಾಣಕ್ಕೆ ಹೋಗಬೇಕೆಂದು ಪ್ರಾಂಶುಪಾಲರಲ್ಲಿ ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ.

ಕೊನೆಯದಾಗಿ ಒಂದು ಆಕ್ಷೇಪ. ‘ನಮ್ಮ ಕಾಲೇಜಿನಲ್ಲಿ ಅಂಥವರು ಇರುವುದೇ ಇಬ್ಬರು, ಅವರಿಗಾಗಿ ಇಷ್ಟೆಲ್ಲ ಏಕೆ?’ ಇದಕ್ಕೆ, ಯೂನಿಕೋಡ್ ಕಡತದಲ್ಲಿ ಎಲ್ಲರೂ ಪದ ಹುಡುಕಬಹುದು, ಶೀರ್ಷಿಕೆಯಿದ್ದ ಪಾಠ ಬಸ್ಸಿನಲ್ಲಿ ಕೂತವರಿಗೂ ಉಪಯೋಗ ಎಂದು ಉತ್ತರಿಸುವುದುಂಟು. ಅದು ನಿಜ. ಆದರೆ ಇಬ್ಬರ ಹಕ್ಕಿಗೆ ಉಳಿದವರ ಲಾಭವನ್ನು ಆಧಾರವಾಗಿ ಕೊಡಲು ನನಗೆ ಮನಸ್ಸಿಲ್ಲ. ಇಬ್ಬರೇ ಏಕೆ ಇದ್ದಾರೆ ಎಂದು ಕೇಳಿಕೊಳ್ಳಬೇಕು. ಶೇ. 5ರ ಮೀಸಲಾತಿಯ ಪ್ರಕಾರ ಸಾವಿರ ಸೀಟಿಗೆ ಐವತ್ತು ಜನರಿಗೆ ಜಾಗವಿದೆ. ಬಾರದಿದ್ದವರಲ್ಲಿ ಎಷ್ಟು ಮಂದಿ ಓದಲು ಏನೂ ಸಿಗದೆಂದು ತಿಳಿದೇ ಮನೆಯಲ್ಲಿ ಉಳಿದರು, ಬಂದವರಲ್ಲಿ ಎಷ್ಟು ಮಂದಿ ಮೊದಲ ಸೆಮಿಸ್ಟರಿಗೇ ಬಿಟ್ಟರು ಎಂಬ ಲೆಕ್ಕ ನಮ್ಮ ಹಾಜರಿ ಪುಸ್ತಕದಲ್ಲಿ ಸಿಗುವುದಿಲ್ಲ. ಪಾಠಸಾಮಗ್ರಿಯನ್ನು ಸರಿಪಡಿಸಿದ ಮೇಲೆ ಬರುವ ಸಂಖ್ಯೆಯನ್ನಷ್ಟೇ ನಾವು ನಂಬಬಹುದು. ಅಲ್ಲಿಯವರೆಗೆ ‘ಇಬ್ಬರೇ’ ಎಂಬುದು ನಮ್ಮ ಕೆಲಸದ ಅಳತೆ, ಅವರ ಅಗತ್ಯದ ಅಳತೆ ಅಲ್ಲ.

ಮುಂದಿನ ಸೆಮಿಸ್ಟರಿನ ನೋಟ್ಸ್ ಟೈಪಿಸಲು ಕೂರುವ ಅಧ್ಯಾಪಕ ಮಿತ್ರರು ಈ ಮಾತುಗಳಲ್ಲಿ ಒಂದನ್ನಾದರೂ ಕೆಲಸಕ್ಕೆ ಹಚ್ಚಿದರೆ ಈ ದತ್ತಿ ಸಾರ್ಥಕ.